ಕವಚದೊಳಗಿನ ಮನಸ್ಸು

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮನ್ನು ಕಾಣಲು ಮನೆಗೆ ಬಂದಿದ್ದನು. ಪದವಿ ಮುಗಿಸಿ ಸೈನ್ಯವನ್ನು ಸೇರಿ, ಈಗ ನಿಸ್ತಂತು ಸಂದೇಶಗಳ ವಿಭಾಗದಲ್ಲಿ ಕೆಲಸ ಮಾಡುತ್ತಿರುವ ತರುಣ. ಕುಶಲಪ್ರಶ್ನೆಗಳಾದ ಮೇಲೆ, ಕಾಫಿಯ ಲೋಟವನ್ನು ಕೆಳಗಿಟ್ಟು, ಬಹಳ ದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಒಂದು ಸಂಗತಿಯನ್ನು ಹೇಳಿದನು. ವಿಷಾನಿಲದ ದಾಳಿಯಾದರೆ ಹೇಗೆ ನಡೆದುಕೊಳ್ಳಬೇಕೆಂಬ ಅಭ್ಯಾಸದಲ್ಲಿ ಅವನು ಅಡಿಯಿಂದ ಮುಡಿಯವರೆಗೆ ರಕ್ಷಾಕವಚವನ್ನು ತೊಟ್ಟು, ಮೇ ತಿಂಗಳ ಬಿಸಿಲಿನಲ್ಲಿ ಒಂದು ಗುಡಾರದೊಳಗೆ ಕುಳಿತು, ಬರುವ ಸಂದೇಶಗಳನ್ನು ಬರೆದುಕೊಳ್ಳಬೇಕಾಗಿತ್ತು. ಮೊದಲ ಕೆಲವು ಗಂಟೆಗಳ ಕಾಲ ಎಲ್ಲವೂ ಸರಿಯಾಗಿಯೇ ನಡೆಯಿತು. ಕೊನೆಯಲ್ಲಿ ಲೆಕ್ಕ ಹಾಕಿದಾಗ ಮೂರು ಸಂದೇಶಗಳು ಅವನ ಪುಸ್ತಕದಲ್ಲಿ ಇರಲೇ ಇಲ್ಲ. ಅವನು ಅವನ್ನು ತಪ್ಪಾಗಿ ಬರೆದುಕೊಂಡಿದ್ದನೆಂದಲ್ಲ. ಅವು ಬಂದುದೇ ಅವನಿಗೆ ತಿಳಿದಿರಲಿಲ್ಲ. ಮೇಲಧಿಕಾರಿಗಳು ಅವನ ಹೆಸರಿನ ಮುಂದೆ ‘ಅಜಾಗರೂಕ’ ಎಂದು ಬರೆದರಂತೆ.

“ಸರ್, ನನಗೆ ತಲೆ ಸುತ್ತಿರಲಿಲ್ಲ, ನಿದ್ದೆಯೂ ಬಂದಿರಲಿಲ್ಲ. ಎದೆ ಮಾತ್ರ ಹೊಡೆದುಕೊಳ್ಳುತ್ತಿತ್ತು. ನಾನು ಹೆದರಿದ್ದೆನೇ?” ಎಂದು ಅವನು ಕೇಳಿದನು.

ಪ್ರಶ್ನೆ ಗಂಭೀರವಾದುದು. ನಾವು ಕೊಟ್ಟ ಉತ್ತರ ಮಾತ್ರ ಹಗುರವಾದುದು. “ಅಭ್ಯಾಸವಾದರೆ ಎಲ್ಲವೂ ಸರಿಹೋಗುತ್ತದೆ” ಎಂದು ಬೆನ್ನು ತಟ್ಟಿ ಕಳುಹಿಸಿದೆವು. ವರ್ಷವರ್ಷವೂ ತರಗತಿಯಲ್ಲಿ ಉಷ್ಣಶಾಸ್ತ್ರದ ಪಾಠ ಹೇಳುವ ನಾವು ಹಾಗೆ ಹೇಳಬಾರದಾಗಿತ್ತು. ಅವನು ಹೋದ ಮೇಲೆ ಈ ವಿಷಯದಲ್ಲಿ ನಡೆದಿರುವ ಪ್ರಯೋಗಗಳನ್ನು ಹುಡುಕಿ ಓದಿದೆವು. ನಮ್ಮ ಉತ್ತರ ತಪ್ಪೆಂಬುದೂ, ಆ ‘ಅಜಾಗರೂಕ’ ಎಂಬ ಮಾತು ಇನ್ನೂ ದೊಡ್ಡ ತಪ್ಪೆಂಬುದೂ ಸ್ಪಷ್ಟವಾಯಿತು. ಅವನಿಗೆ ಅಂದು ಹೇಳಬೇಕಾಗಿದ್ದುದನ್ನು ಇಂದು ಈ ಪತ್ರಿಕೆಯ ತರುಣ ವಾಚಕರ ಮುಂದೆ ಇಡುತ್ತೇವೆ.

ಮೊದಲು ನಮ್ಮ ಮೈಯ ಸಹಜವಾದ ವ್ಯವಸ್ಥೆಯನ್ನು ನೋಡೋಣ. 1775ರಲ್ಲಿ ಚಾರ್ಲ್ಸ್ ಬ್ಲಾಗ್ಡನ್ ಎಂಬ ಇಂಗ್ಲಿಷ್ ವೈದ್ಯನು ಒಂದು ವಿಚಿತ್ರ ಪ್ರಯೋಗವನ್ನು ಪ್ರಕಟಿಸಿದನು. ಅವನೂ ಅವನ ಗೆಳೆಯರೂ ನೀರಿನ ಕುದಿಬಿಂದುವಿಗಿಂತಲೂ ಹೆಚ್ಚು ಬಿಸಿಯಾದ, ಆದರೆ ಒಣಗಾಳಿಯಿಂದ ಕೂಡಿದ ಕೋಣೆಯನ್ನು ಹೊಕ್ಕು, ಕೆಲವು ನಿಮಿಷಗಳ ಕಾಲ ಅಲ್ಲಿದ್ದು, ಕ್ಷೇಮವಾಗಿ ಹೊರಬಂದರು. ಅದೇ ಕೋಣೆಯಲ್ಲಿ ಇಟ್ಟಿದ್ದ ಮೊಟ್ಟೆಗಳು ಬೆಂದು ಗಟ್ಟಿಯಾದವು, ಮಾಂಸವೂ ಬೆಂದಿತು. ಮೊಟ್ಟೆ ಬೇಯುವ ಕಡೆ ಮನುಷ್ಯ ಬೇಯದಿರಲು ಮುಖ್ಯ ಕಾರಣ ಬೆವರು. ಮೈಮೇಲಿನ ಒಂದು ಲೀಟರು ಬೆವರು ಆವಿಯಾಗಿ ಹೋಗುವಾಗ ಸುಮಾರು 2,400 ಕಿಲೋಜೂಲ್ ಉಷ್ಣವನ್ನು ಗುಪ್ತೋಷ್ಣರೂಪದಲ್ಲಿ ಒಯ್ಯುತ್ತದೆ. ಒಂದು ಗಂಟೆಯಲ್ಲಿ ಒಂದು ಲೀಟರು ಬೆವರು ಆರಿತೆಂದರೆ, ಅದು 60 ವಾಟಿನ ಹನ್ನೊಂದು ದೀಪಗಳ ಶಕ್ತಿಯನ್ನು ಮೈಯಿಂದ ಹೊರಕ್ಕೆ ಸಾಗಿಸಿದಂತೆ. ಇಷ್ಟು ಸಮರ್ಥವಾದ ಶೈತ್ಯಯಂತ್ರವನ್ನು ನಾವು ಚರ್ಮದಲ್ಲಿಯೇ ಹೊತ್ತು ತಿರುಗುತ್ತಿದ್ದೇವೆ.

ಆದರೆ ಇಲ್ಲಿ ಒಂದು ಷರತ್ತು ಇದೆ. ತಂಪು ಮಾಡುವುದು ಬೆವರಲ್ಲ, ಬೆವರು ಆರುವುದು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಪ್ರಯೋಜನವಿಲ್ಲ. ವಾಚಕರು ಇದನ್ನು ತಾವೇ ಪರೀಕ್ಷಿಸಿ ನೋಡಬಹುದು. ಒಂದು ಕೈಯನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು, ಚೀಲದ ಬಾಯನ್ನು ಮಣಿಕಟ್ಟಿನ ಬಳಿ ಸಡಿಲವಾಗಿ ಕಟ್ಟಿ, ಹತ್ತು ಹದಿನೈದು ನಿಮಿಷ ಹಾಗೆಯೇ ಇರಲಿ. (ತಲೆಗೆ ಮಾತ್ರ ಚೀಲವನ್ನು ಎಂದಿಗೂ ಹಾಕಿಕೊಳ್ಳಕೂಡದು, ಅದು ಪ್ರಾಣಾಪಾಯಕರ.) ಚೀಲದ ಒಳಮೈಯಲ್ಲಿ ಮಂಜು ಕಟ್ಟುತ್ತದೆ, ಕೈ ಜಿಗುಟಾಗಿ ಬಿಸಿಯಾಗುತ್ತದೆ. ಚೀಲವನ್ನು ತೆಗೆದು ಕೈಯನ್ನು ಗಾಳಿಯಲ್ಲಿ ಬೀಸಿದರೆ ಕ್ಷಣಮಾತ್ರದಲ್ಲಿ ತಂಪೆನಿಸುತ್ತದೆ. ಚೀಲದೊಳಗಿನ ಗಾಳಿ ನೀರಾವಿಯಿಂದ ತುಂಬಿಹೋದುದರಿಂದ ಬೆವರು ಆರಲಾರದೆ ಹೋಯಿತು. ಈ ಚೀಲವನ್ನು ಇಡೀ ಮೈಗೆ ಹಿಗ್ಗಿಸಿ ಊಹಿಸಿಕೊಂಡರೆ ಯೋಧನ ಸ್ಥಿತಿ ಅರ್ಥವಾಗುತ್ತದೆ.

ಇಂಥ ಕವಚವನ್ನು ಯೋಧನಿಗೆ ತೊಡಿಸಿದುದು ಯಾರ ಹುಚ್ಚೂ ಅಲ್ಲ. 1915ನೆಯ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೈನ್ಯವು ಶತ್ರುಗಳ ಕಂದಕಗಳ ಮೇಲೆ ಕ್ಲೋರಿನ್ ಅನಿಲವನ್ನು ಹರಿಯಬಿಟ್ಟಿತು. ಅಂದಿನಿಂದ ಯೋಧನಿಗೆ ಮುಖವಾಡ ಬೇಕಾಯಿತು. 1917ರ ಜುಲೈ ತಿಂಗಳಲ್ಲಿ, ಅದೇ ಈಪ್ರ್ ಬಳಿ, ಸಾಸಿವೆ ಅನಿಲ ಬಂದಿತು. ಇದು ಚರ್ಮವನ್ನೇ ಸುಟ್ಟು ಬೊಕ್ಕೆಯೆಬ್ಬಿಸುವ ವಿಷ. ಮುಖವೊಂದನ್ನು ಮುಚ್ಚಿದರೆ ಸಾಲದಾಯಿತು. ಮುಂದೆ 1930ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಕಂಡುಹಿಡಿಯಲ್ಪಟ್ಟ ಟ್ಯಾಬುನ್, ಸಾರಿನ್ ಮೊದಲಾದ ನರವಿಷಗಳಂತೂ ಅತ್ಯಲ್ಪ ಪ್ರಮಾಣದಲ್ಲಿಯೇ ಕೊಲ್ಲಬಲ್ಲವು. ಇವು ಹಳೆಯ ಕಥೆಯಾಗಿ ಉಳಿದಿಲ್ಲ. ರಾಸಾಯನಿಕ ಶಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದವು 1997ರಲ್ಲಿ ಜಾರಿಗೆ ಬಂದ ಬಳಿಕವೂ, 2013ರ ಆಗಸ್ಟ್ 21ರಂದು ಸಿರಿಯದ ಘೂಟಾ ಪ್ರದೇಶದಲ್ಲಿ ಸಾರಿನ್ ಬಳಸಲ್ಪಟ್ಟಿತು. ಆದುದರಿಂದ ಕವಚ ಬೇಡವೆಂದು ನಾವು ವಾದಿಸುತ್ತಿಲ್ಲ.

ಕವಚದ ರಚನೆ ಸರಳವಾಗಿಯೇ ಇದೆ. ಹೊರಗೆ ಗಟ್ಟಿಯಾದ ಬಟ್ಟೆ. ಅದರೊಳಗೆ ವಿಶೇಷವಾಗಿ ಸಿದ್ಧಪಡಿಸಿದ ಇದ್ದಿಲಿನ ಪದರ. ಈ ಇದ್ದಿಲು ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳಿಂದ ಕೂಡಿದ್ದು, ಒಂದು ಗ್ರಾಂ ಇದ್ದಿಲಿನ ಒಳಮೈಯನ್ನು ಬಿಡಿಸಿ ಹರಡಿದರೆ ಸಾವಿರ ಚದರ ಮೀಟರಿನಷ್ಟು ವಿಸ್ತಾರವಾಗಬಲ್ಲುದು. ವಿಷದ ಅಣುಗಳು ಅಲ್ಲಿ ಅಂಟಿಕೊಂಡು ನಿಲ್ಲುತ್ತವೆ. ಕೈಗೆ ರಬ್ಬರಿನ ಕೈಗವಸು, ಕಾಲಿಗೆ ರಬ್ಬರಿನ ಮೇಲ್ಜೋಡು, ಮುಖಕ್ಕೆ ಶೋಧಕವಿರುವ ಮುಖವಾಡ, ತಲೆಗೆ ಮುಸುಕು. ಇದ್ದಿಲಿನ ಪದರವು ಗಾಳಿಯನ್ನೂ ನೀರಾವಿಯನ್ನೂ ಸ್ವಲ್ಪ ಬಿಡುತ್ತದೆ. ರಬ್ಬರು ಅದನ್ನೂ ಬಿಡುವುದಿಲ್ಲ. ವಿಷವನ್ನು ಒಳಗೆ ಬಿಡದ ಗೋಡೆಯು ಮೈಯ ಉಷ್ಣವನ್ನೂ ಹೊರಗೆ ಬಿಡಲೊಲ್ಲದು.

ಒಂದು ಸಣ್ಣ ಲೆಕ್ಕ ಮಾಡೋಣ. ಕವಚ ತೊಟ್ಟು ಕೆಲಸ ಮಾಡುವ ಯೋಧನ ಮೈಯಲ್ಲಿ 400 ವಾಟ್ ಉಷ್ಣ ಹುಟ್ಟುತ್ತಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಅರ್ಧ ಹೇಗೋ ಹೊರಹೋಗಿ, 200 ವಾಟ್ ಒಳಗೇ ಉಳಿಯಿತು. ಮೈಯ ಸರಾಸರಿ ವಿಶಿಷ್ಟೋಷ್ಣವು ಪ್ರತಿ ಕಿಲೋಗ್ರಾಮಿಗೆ ಸುಮಾರು 3.5 ಕಿಲೋಜೂಲ್. 65 ಕಿಲೋಗ್ರಾಂ ತೂಕದ ಮೈಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 227 ಕಿಲೋಜೂಲ್ ಸಾಕು. 200 ವಾಟ್ ಗತಿಯಲ್ಲಿ ಇದಕ್ಕೆ ಹಿಡಿಯುವ ಕಾಲ 19 ನಿಮಿಷ. 37 ಡಿಗ್ರಿಯಲ್ಲಿರುವ ಮನುಷ್ಯನಿಗೆ ಎರಡು ಡಿಗ್ರಿಯ ಏರಿಕೆಯೆಂದರೆ ಬಲವಾದ ಜ್ವರ. ಕುಳಿತು ಕೆಲಸ ಮಾಡುವವನಲ್ಲಿ ಇದೇ ಕ್ರಿಯೆ ನಿಧಾನವಾಗಿ, ಗಂಟೆಗಳ ಲೆಕ್ಕದಲ್ಲಿ ನಡೆಯುತ್ತದೆ. ನಮ್ಮ ವಿದ್ಯಾರ್ಥಿಯು ಕುಳಿತೇ ಇದ್ದನೆಂಬುದನ್ನು ಇಲ್ಲಿ ನೆನೆಯಬೇಕು.

ಈ ಅಪಾಯದ ಅರಿವು ಹೊಸದೇನಲ್ಲ. ಬ್ರಿಟಿಷ್ ಶರೀರಶಾಸ್ತ್ರಜ್ಞ ಜೆ. ಎಸ್. ಹಾಲ್ಡೇನ್ ಗಣಿಗಳ ಸೆಕೆಯನ್ನು ಅಭ್ಯಸಿಸಿ, 1905ರಲ್ಲಿಯೇ ಒಂದು ಮಾತನ್ನು ಸ್ಥಾಪಿಸಿದ್ದನು: ಗಾಳಿಯಾಡದ ಕಡೆ ಮನುಷ್ಯನ ಸಹನೆಯ ಮಿತಿಯನ್ನು ನಿರ್ಧರಿಸುವುದು ಸಾಮಾನ್ಯ ಉಷ್ಣಮಾಪಕದ ಅಂಕವಲ್ಲ, ಬುರುಡೆಗೆ ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕದ ಅಂಕ. ಅದು ಸುಮಾರು 31 ಡಿಗ್ರಿ ಸೆಂಟಿಗ್ರೇಡನ್ನು ದಾಟಿದರೆ ಮೈಯ ಉಷ್ಣತೆ ಏರತೊಡಗುತ್ತದೆ. ಇದೇ ಹಾಲ್ಡೇನನನ್ನು 1915ರಲ್ಲಿ ಬ್ರಿಟಿಷ್ ಸರ್ಕಾರವು ಈಪ್ರ್‌ನ ಅನಿಲ ಯಾವುದೆಂದು ಪರೀಕ್ಷಿಸಲು ಯುದ್ಧಭೂಮಿಗೆ ಕಳುಹಿಸಿತು. ಯೋಧನನ್ನು ಮುಚ್ಚಬೇಕೆಂಬ ಅಗತ್ಯವನ್ನೂ, ಮುಚ್ಚಿದರೆ ಏನಾಗುತ್ತದೆಂಬ ನಿಯಮವನ್ನೂ ಒಬ್ಬನೇ ವಿಜ್ಞಾನಿ ಹತ್ತಿರದಿಂದ ಕಂಡಿದ್ದನು.

ಇಷ್ಟು ಮೈಯ ವಿಷಯವಾಯಿತು. ಇನ್ನು ಮನಸ್ಸಿನ ವಿಷಯಕ್ಕೆ ಬರೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಜಲಾಂತರ್ಗಾಮಿಶೋಧಕ ವಿಮಾನಗಳಲ್ಲಿ ರೇಡಾರ್ ತೆರೆಯನ್ನು ನೋಡುತ್ತ ಕುಳಿತವರು, ಸ್ವಲ್ಪ ಹೊತ್ತಾದ ಮೇಲೆ, ತೆರೆಯ ಮೇಲೆ ಮೂಡಿದ ಚುಕ್ಕೆಗಳನ್ನೂ ಕಾಣದೆ ಬಿಟ್ಟುಬಿಡುತ್ತಿದ್ದರು. ಇದರ ಕಾರಣವನ್ನು ಕೇಂಬ್ರಿಜ್‌ನಲ್ಲಿ ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞನು ಪರೀಕ್ಷಿಸಿದನು. ಅವನ ಸಾಧನ ಒಂದು ಗಡಿಯಾರದಂಥ ಫಲಕ. ಅದರ ಮುಳ್ಳು ಒಂದೊಂದೇ ಹೆಜ್ಜೆಯಾಗಿ ಚಲಿಸುತ್ತ, ಅಪರೂಪಕ್ಕೊಮ್ಮೆ ಎರಡು ಹೆಜ್ಜೆಗಳನ್ನು ಒಟ್ಟಿಗೆ ಹಾರುತ್ತಿತ್ತು. ಆ ಹಾರಿಕೆಯನ್ನು ಕಂಡೊಡನೆ ತಿಳಿಸುವುದಷ್ಟೇ ನೋಡುವವನ ಕೆಲಸ. ಮೊದಲ ಅರ್ಧ ಗಂಟೆ ಕಳೆಯುವುದರಲ್ಲಿಯೇ ಜನರು ಹಾರಿಕೆಗಳನ್ನು ತಪ್ಪಿಸಿಕೊಳ್ಳತೊಡಗಿದರು. ಇದೇ ವಿಜ್ಞಾನಿಯು 1946ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಅನುಭವಸ್ಥರಾದ ನಿಸ್ತಂತು ಚಾಲಕರು ಸೆಕೆಯ ಕೋಣೆಯಲ್ಲಿ ಕುಳಿತು ಮೋರ್ಸ್ ಸಂದೇಶಗಳನ್ನು ಬರೆದುಕೊಂಡರು. ಸೆಕೆ ಒಂದು ಮಿತಿಯನ್ನು ಮೀರಿದ ಮೇಲೆ ತಪ್ಪುಗಳು ವೇಗವಾಗಿ ಹೆಚ್ಚಿದವು. ಅತ್ಯಂತ ನಿಪುಣರಾದವರು ಹೆಚ್ಚು ಕಾಲ ಸಮರ್ಥರಾಗಿ ಉಳಿದರು. ಸಾಧಾರಣ ನೈಪುಣ್ಯದವರು ಬೇಗ ಕುಸಿದರು.

ಕವಚ ತೊಟ್ಟವರ ಮೇಲೆಯೇ ನಡೆದ ಪ್ರಯೋಗವೊಂದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಅಮೆರಿಕದ ಸೈನ್ಯವು ಪರಿಸರಶರೀರಶಾಸ್ತ್ರಕ್ಕೆಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ನೇಟಿಕ್ ಎಂಬಲ್ಲಿ 1961ರಲ್ಲಿ ಸ್ಥಾಪಿಸಿದ ಸಂಶೋಧನಾಲಯದ ಫೈನ್ ಮತ್ತು ಕೋಬ್ರಿಕ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು 1987ರಲ್ಲಿ ಪ್ರಕಟಿಸಿದರು. 23 ಮಂದಿ ಯೋಧರಿಗೆ ಎರಡು ವಾರಗಳ ಕಾಲ ಕೆಲವು ಸೈನಿಕ ಕಾರ್ಯಗಳಲ್ಲಿ ತರಬೇತಿ ಕೊಟ್ಟು, ಬಳಿಕ ದಿನಕ್ಕೆ ಏಳು ಗಂಟೆಗಳಂತೆ ಅವನ್ನೇ ಮಾಡಿಸಲಾಯಿತು: ಕವಚ ತೊಟ್ಟು ಮತ್ತು ತೊಡದೆ, ಸೆಕೆಯಲ್ಲಿ ಮತ್ತು ತಂಪಿನಲ್ಲಿ. ಸೆಕೆಯೆಂದರೆ ಸುಮಾರು 33 ಡಿಗ್ರಿ ಸೆಂಟಿಗ್ರೇಡ್, ಗಾಳಿಯ ಆರ್ದ್ರತೆ ಶೇಕಡ 61. ಫಲಿತಾಂಶವೇನು? ಸೆಕೆಯಲ್ಲಿ ಕವಚ ತೊಟ್ಟವರ ಬುದ್ಧಿಯ ಕೆಲಸಗಳು ನಾಲ್ಕೈದು ಗಂಟೆಗಳ ತನಕ ಹೆಚ್ಚು ಕೆಡಲಿಲ್ಲ. ಆ ಬಳಿಕ ಸ್ಪಷ್ಟವಾಗಿ ಕೆಡತೊಡಗಿದವು. ಕೆಲಸದ ಗತಿಯನ್ನು ಪ್ರಯೋಗ ನಡೆಸುವವರೇ ನಿಗದಿಪಡಿಸಿದ್ದ ಕಾರ್ಯಗಳಲ್ಲಿ, ಏಳನೆಯ ಗಂಟೆಯ ಹೊತ್ತಿಗೆ, ಗುಂಪಿನ ತಪ್ಪುಗಳು ಶೇಕಡ 17ರಿಂದ 23ರವರೆಗೆ ಏರಿದ್ದವು. ತಮ್ಮ ಗತಿಯಲ್ಲಿಯೇ ಮಾಡಬಹುದಾಗಿದ್ದ ನಕ್ಷೆಯ ಗುರುತಿನ ಕೆಲಸದಲ್ಲಿ, ಆರು ಗಂಟೆಗಳ ಬಳಿಕ, ಮುಗಿದ ಕೆಲಸ ಸುಮಾರು ಶೇಕಡ 40ರಷ್ಟು ಇಳಿಯಿತು. ಆದರೆ ಮಾಡಿದಷ್ಟು ಕೆಲಸದ ನಿಖರತೆ ಹೆಚ್ಚೇನೂ ಕೆಟ್ಟಿರಲಿಲ್ಲ.

ಇನ್ನು ಮುಖ್ಯವಾದ ಸಂಗತಿ. ಏರಿದ ಆ ತಪ್ಪುಗಳು ಬಹುಮಟ್ಟಿಗೆ ಎಲ್ಲವೂ ಒಂದೇ ಜಾತಿಯವು. ಯೋಧರು ತಪ್ಪು ಉತ್ತರ ಕೊಟ್ಟಿರಲಿಲ್ಲ. ಉತ್ತರವನ್ನೇ ಕೊಡದೆ ಬಿಟ್ಟಿದ್ದರು. ನಮ್ಮ ಹಿರಿಯರು ಪೂಜೆ ಮುಗಿಸಿ ‘ಲೋಪದೋಷಗಳನ್ನು ಮನ್ನಿಸಬೇಕು’ ಎನ್ನುವಾಗ ಎರಡನ್ನೂ ಬೇರೆಬೇರೆಯಾಗಿಯೇ ಹೆಸರಿಸುತ್ತಾರೆ. ಮಾಡಬಾರದುದನ್ನು ಮಾಡುವುದು ದೋಷ. ಮಾಡಬೇಕಾದುದು ಬಿಟ್ಟುಹೋಗುವುದು ಲೋಪ. ದೋಷ ಮಾಡಿದವನಿಗೆ ಅದು ಒಮ್ಮೆಯಾದರೂ ಕಣ್ಣಿಗೆ ಬೀಳಬಹುದು. ಬರೆದುದನ್ನು ತಿರುಗಿ ನೋಡಿ ತಿದ್ದಬಹುದು. ಲೋಪವು ಮಾಡಿದವನಿಗೆ ಕಾಣುವುದೇ ಇಲ್ಲ. ಬರೆಯದೆ ಬಿಟ್ಟ ಸಾಲನ್ನು ತಿರುಗಿ ನೋಡುವುದಾದರೂ ಹೇಗೆ? ನಮ್ಮ ವಿದ್ಯಾರ್ಥಿಯ ಪುಸ್ತಕದಲ್ಲಿ ಇಲ್ಲದ ಆ ಮೂರು ಸಂದೇಶಗಳು ಇದೇ ಜಾತಿಗೆ ಸೇರಿದವು.

ಇನ್ನು ಅವನ ಎದೆಬಡಿತದ ಮಾತು. ಮೈ ಕಾದಾಗ ಹೃದಯವು ಚರ್ಮಕ್ಕೆ ಹೆಚ್ಚು ರಕ್ತವನ್ನು ನೂಕಲು ವೇಗವಾಗಿ ಬಡಿಯುತ್ತದೆ. ಮುಖವಾಡದ ಶೋಧಕದ ಮೂಲಕ ಉಸಿರನ್ನು ಸೆಳೆಯಲು ಹೆಚ್ಚು ಶ್ರಮ ಬೇಕು. ಉಸಿರು ಗಿಡ್ಡವಾಗಿ ತ್ವರಿತವಾಗುತ್ತದೆ. ಕಿಟಕಿಯಂಥ ಗಾಜುಗಳು ನೋಟದ ವಿಸ್ತಾರವನ್ನು ಕಿರಿದುಗೊಳಿಸುತ್ತವೆ. ಮಾತು ಮುಖವಾಡದೊಳಗೆ ಮುಗ್ಗುತ್ತದೆ; ಪಕ್ಕದಲ್ಲಿರುವವನ ಮುಖ ಕಾಣದು, ಅವನು ಯಾರೆಂಬುದೂ ಬೇಗ ತಿಳಿಯದು. ಎದೆಬಡಿತ, ಏದುಸಿರು, ಬೆವರು, ಒಂಟಿತನ—ಇವೆಲ್ಲವೂ ಭಯದ ಲಕ್ಷಣಗಳೇ ಅಲ್ಲವೆ? ಕಾದ ಮೈಯ ಚಿಹ್ನೆಗಳನ್ನು ಮನಸ್ಸು ಭಯದ ಚಿಹ್ನೆಗಳೆಂದು ಓದಿಕೊಂಡರೆ ಆಶ್ಚರ್ಯವಿಲ್ಲ. ಹಾಗೆ ಓದಿಕೊಂಡ ಮೇಲೆ ನಿಜವಾದ ಭಯವೂ ಬಂದು ಸೇರುತ್ತದೆ. ಮುಖವಾಡವನ್ನು ಕಂಡರೇ ಅಂಜುವ ಯೋಧರನ್ನು ಸೈನಿಕವೈದ್ಯರು ಚಿಕಿತ್ಸೆಗೆ ಒಳಪಡಿಸಿರುವುದೂ ಉಂಟು.

ಇದಕ್ಕಿಂತಲೂ ಕ್ರೂರವಾದ ಒಂದು ತೊಡಕು ಇದೆ. ಏದುಸಿರು, ಎದೆಬಿಗಿತ, ಬೆವರು, ಮಂಜಾದ ನೋಟ—ಇವು ನರವಿಷ ಸೋಕಿದಾಗಲೂ ಕಾಣುವ ಲಕ್ಷಣಗಳು. ‘ವಿಷವೇನಾದರೂ ಒಳಹೊಕ್ಕಿತೇ?’ ಎಂಬ ಸಂಶಯ ಕವಚದೊಳಗಿನವನನ್ನು ಬಿಡದು. ಸಂಶಯಗೊಂಡು ಅವನು ನರವಿಷಕ್ಕೆ ಮದ್ದಾದ ಅಟ್ರೊಪಿನ್ ಸೂಜಿಯನ್ನು ಚುಚ್ಚಿಕೊಂಡನೆನ್ನಿ. ವಿಷವಿಲ್ಲದವನಲ್ಲಿ ಆ ಮದ್ದು ಬೆವರಿನ ಗ್ರಂಥಿಗಳನ್ನೇ ತಡೆಯುತ್ತದೆ. ಅಳಿದುಳಿದ ಶೈತ್ಯವೂ ಹೋಗಿ ಮೈ ಇನ್ನಷ್ಟು ಕಾಯುತ್ತದೆ. ಇದು ಬರಿಯ ಕಲ್ಪನೆಯಲ್ಲ. 1991ರಲ್ಲಿ ಇರಾಕ್ ದೇಶವು ಇಸ್ರೇಲಿನ ಮೇಲೆ ಸ್ಕಡ್ ಕ್ಷಿಪಣಿಗಳನ್ನು ಹಾರಿಸಿದಾಗ ಅವುಗಳಲ್ಲಿ ವಿಷಾನಿಲ ಇರಲಿಲ್ಲ. ಆದರೂ ಇನ್ನೂರಕ್ಕೂ ಹೆಚ್ಚು ನಾಗರಿಕರು ಅನಾವಶ್ಯಕವಾಗಿ ಅಟ್ರೊಪಿನ್ ಚುಚ್ಚಿಕೊಂಡು ಆಸ್ಪತ್ರೆಗೆ ಬಂದರು. ಕೆಲವರು ಗಾಬರಿಯಲ್ಲಿ ಮುಖವಾಡವನ್ನು ಸರಿಯಾಗಿ ಬಳಸಲಾರದೆ ಉಸಿರುಕಟ್ಟಿ ಸತ್ತೇಹೋದರು. ಅವರು ಯೋಧರಲ್ಲ, ಪೂರ್ಣಕವಚವನ್ನು ತೊಟ್ಟವರೂ ಅಲ್ಲ. ಆದರೂ ರಕ್ಷಣೆಯ ಸಾಧನವು ಕಲಕಿದ ಮನಸ್ಸಿನ ಕೈಯಲ್ಲಿ ಏನಾಗಬಲ್ಲುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಇಲ್ಲಿ ಕೆಲವು ಆಕ್ಷೇಪಣೆಗಳು ಬರಬಹುದು. ನಾವು ಕೊಟ್ಟಿದ್ದ ಉತ್ತರವೇ ಮೊದಲನೆಯದು: ಅಭ್ಯಾಸವಾದರೆ ಸರಿಹೋಗುತ್ತದೆ. ಬಯಲಿನ ಸೆಕೆಗೆ ಈ ಮಾತು ಸಲ್ಲುತ್ತದೆ. ಒಂದೆರಡು ವಾರ ಬಿಸಿಲಿನಲ್ಲಿ ದುಡಿದವನ ಮೈ ಬೇಗನೆ, ಹೆಚ್ಚಾಗಿ ಬೆವರಲು ಕಲಿಯುತ್ತದೆ. ಕವಚದೊಳಗೆ ಈ ಕಲಿಕೆಯ ಫಲ ಬಹು ಅಲ್ಪ. ಆರದ ಬೆವರು ಎಷ್ಟು ಸುರಿದರೇನು? ತಂಪು ಬರುವುದಿಲ್ಲ, ಮೈಯ ನೀರು ಮಾತ್ರ ಬೇಗ ಬತ್ತುತ್ತದೆ. ಭೌತನಿಯಮವು ಪಳಗಿದವನಿಗೆ ಒಂದು, ಪಳಗದವನಿಗೆ ಒಂದು ಎಂದು ಭೇದವೆಣಿಸುವುದಿಲ್ಲ. ಕೆಲಸದಲ್ಲಿ ನೈಪುಣ್ಯ ಬೆಳೆದರೆ ಮನಸ್ಸು ಹೆಚ್ಚು ಕಾಲ ತಡೆಯುತ್ತದೆಂಬುದು ಮ್ಯಾಕ್‌ವರ್ತನ ಪ್ರಯೋಗದಿಂದ ಕಂಡ ಮಾತು. ಅಷ್ಟರ ಮಟ್ಟಿಗೆ ಅಭ್ಯಾಸ ಬೇಕೇ ಬೇಕು. ಮೈಯ ಉಷ್ಣ ಮಾತ್ರ ಅದರಿಂದ ಇಳಿಯದು.

ಧೈರ್ಯವಂತರಿಗೆ ಇವೆಲ್ಲ ಲೆಕ್ಕಕ್ಕಿಲ್ಲವೆಂಬುದು ಎರಡನೆಯ ಆಕ್ಷೇಪ. ಧೈರ್ಯಕ್ಕೆ ಅಂತರಿಕ್ಷಯಾತ್ರಿಗಿಂತ ಹೆಚ್ಚಿನ ನಿದರ್ಶನ ಯಾವುದು? 1966ರ ಜೂನ್ 5ರಂದು ಜೆಮಿನಿ-9ಎ ನೌಕೆಯಿಂದ ಹೊರಬಂದ ಯೂಜೀನ್ ಸೆರ್ನನ್ ಅಮೆರಿಕದ ನೌಕಾಪಡೆಯ ವೈಮಾನಿಕನಾಗಿದ್ದವನು. ಅವನ ಕವಚವನ್ನು ತಂಪುಗೊಳಿಸುತ್ತಿದ್ದುದು ಅದರೊಳಗೆ ಹರಿಯುತ್ತಿದ್ದ ಅನಿಲ. ಎರಡು ಗಂಟೆಗಳ ಆ ಶ್ರಮದಲ್ಲಿ ಅನಿಲದ ಶಕ್ತಿ ಸಾಲದೆ ಅವನ ಮೈ ಕಾದಿತು, ಹೃದಯ ಓಡತೊಡಗಿತು, ಮುಖದ ಗಾಜು ಮಂಜುಗಟ್ಟಿ ಕಣ್ಣೇ ಕಾಣದಾಯಿತು. ಮಾಡಬೇಕಾಗಿದ್ದ ಮುಖ್ಯ ಪರೀಕ್ಷೆಯನ್ನು ಕೈಬಿಟ್ಟು ಅವನು ಒಳಗೆ ಬರಬೇಕಾಯಿತು. ಅವನನ್ನು ಯಾರೂ ಹೇಡಿಯೆನ್ನಲಿಲ್ಲ. ಕೆಲಸದ ಕ್ರಮವನ್ನೂ ಕವಚವನ್ನೂ ತಿದ್ದಿದರು. ಅದೇ ವರ್ಷದ ನವೆಂಬರಿನಲ್ಲಿ ಜೆಮಿನಿ-12ರ ಬಜ್ ಆಲ್ಡ್ರಿನ್ ನೀರಿನ ಕೊಳದಲ್ಲಿ ಮುಂಚಿತವಾಗಿ ಅಭ್ಯಾಸ ಮಾಡಿ, ಹಿಡಿಕೆಗಳ ಆಸರೆ ಪಡೆದು, ನಡುನಡುವೆ ನಿಯಮಿತವಾಗಿ ವಿಶ್ರಮಿಸುತ್ತ, ತನ್ನ ಕೆಲಸವನ್ನು ಸಾಂಗವಾಗಿ ಮುಗಿಸಿದನು. ಚಂದ್ರನ ಮೇಲೆ ನಡೆದ ಅಪೊಲೊ ಯಾತ್ರಿಕರ ಒಳಉಡುಪಿನಲ್ಲಿ ತಣ್ಣೀರು ಹರಿಯುವ ಸಣ್ಣ ಕೊಳವೆಗಳನ್ನು ಹೆಣೆಯಲಾಗಿತ್ತು. ಸೆರ್ನನ್ನನೇ 1972ರಲ್ಲಿ ಅಪೊಲೊ-17ರಲ್ಲಿ ಹೋಗಿ, ಚಂದ್ರನ ನೆಲದ ಮೇಲೆ ಗಂಟೆಗಟ್ಟಲೆ ಕೆಲಸ ಮಾಡಿ ಬಂದನು. ಮನುಷ್ಯ ಅವನೇ, ಬದಲಾದುದು ಕವಚ ಮತ್ತು ಕ್ರಮ.

ಮೂರನೆಯ ಆಕ್ಷೇಪವೇ ನಿಜವಾಗಿ ಬಲವಾದುದು. ಜೀವ ಉಳಿದರಲ್ಲವೆ ಬುದ್ಧಿಯ ಮಾತು? ಹೌದು, ವಿಷ ಬಂದೇ ಬಿಟ್ಟಾಗ ಎರಡನೆಯ ಯೋಚನೆಯಿಲ್ಲ, ಕವಚವನ್ನು ತೊಡಲೇಬೇಕು. ಆದರೆ ವಿಷ ಬರಬಹುದೆಂಬ ಶಂಕೆಯಿಂದ ಗಂಟೆಗಟ್ಟಲೆ ತೊಟ್ಟು ಕುಳಿತಿರುವ ಕಾಲವೇ ಹೆಚ್ಚು. ಅಮೆರಿಕದ ಸೈನ್ಯದಲ್ಲಿ ಕವಚಧಾರಣೆಗೆ ಸೊನ್ನೆಯಿಂದ ನಾಲ್ಕರವರೆಗೆ ಹಂತಗಳಿವೆ: ಮೊದಲು ಉಡುಪು, ಬಳಿಕ ಜೋಡು, ಬಳಿಕ ಮುಖವಾಡ, ಕೊನೆಗೆ ಕೈಗವಸು. ಅಪಾಯ ಎಷ್ಟೋ ಅಷ್ಟೇ ಕವಚವೆಂಬ ಈ ನಿಯಮವು ಕವಚಕ್ಕೂ ಒಂದು ಬೆಲೆಯುಂಟೆಂಬುದನ್ನು ಒಪ್ಪಿಕೊಂಡಂತೆಯೇ ಸರಿ. ಅದೇ ಸೈನ್ಯದ 2003ರ ಆರೋಗ್ಯ ಕೈಪಿಡಿಯು, ಒದ್ದೆಬುರುಡೆ, ಕಪ್ಪುಗೋಳ ಮತ್ತು ಸಾಮಾನ್ಯ ಉಷ್ಣಮಾಪಕಗಳಿಂದ ಲೆಕ್ಕ ಹಾಕುವ ಸೆಕೆಯ ಸೂಚಕಕ್ಕೆ, ಪೂರ್ಣಕವಚ ತೊಟ್ಟು ಹಗುರ ಕೆಲಸ ಮಾಡುವಾಗ ಸುಮಾರು 5.5 ಡಿಗ್ರಿ ಸೆಂಟಿಗ್ರೇಡನ್ನೂ, ಭಾರಿ ಕೆಲಸ ಮಾಡುವಾಗ ಸುಮಾರು 11 ಡಿಗ್ರಿಯನ್ನೂ ಕೂಡಿಸಿಕೊಳ್ಳಬೇಕೆಂದು ಹೇಳುತ್ತದೆ. ತೊಟ್ಟವನು ಮತ್ತೊಂದು ಹವಾಮಾನಕ್ಕೇ ಹೋಗಿ ನಿಂತಂತಾಯಿತು.

ಆದುದರಿಂದ ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇವೆ. ಯಾವುದೇ ಪೂರ್ಣಕವಚದ ಮೇಲೆ ಒಂದಲ್ಲ, ಎರಡು ಅವಧಿಗಳನ್ನು ಬರೆದಿರಬೇಕು. ಬಟ್ಟೆ ಎಷ್ಟು ಗಂಟೆಗಳ ಕಾಲ ವಿಷವನ್ನು ತಡೆಯುತ್ತದೆ ಎಂಬುದು ಒಂದು. ಇಂಥ ಸೆಕೆಯಲ್ಲಿ, ಇಂಥ ಕೆಲಸದಲ್ಲಿ, ಒಳಗಿರುವವನ ಗಮನವು ಎಷ್ಟು ಗಂಟೆಗಳ ಕಾಲ ನಂಬಲು ಯೋಗ್ಯವಾಗಿರುತ್ತದೆ ಎಂಬುದು ಇನ್ನೊಂದು. 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಕವಚವು 24 ಗಂಟೆಗಳ ಕಾಲ ವಿಷವನ್ನು ತಡೆಯುವಂಥದು. 1987ರ ಪ್ರಯೋಗದ ಕವಚ ಅದಕ್ಕಿಂತ ಹಳೆಯದಾದುದರಿಂದ ಎರಡು ಅಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನಿಖರವಾಗಿ ಹೋಲಿಸಲಾಗದು, ನಿಜ. ಆದರೂ ಬಟ್ಟೆಯ 24 ಗಂಟೆಗಳ ಎದುರಿಗೆ ಬುದ್ಧಿಯ ನಾಲ್ಕೈದು ಗಂಟೆಗಳನ್ನು ನೋಡಿದರೆ, ಎರಡನೆಯ ಅಂಕವನ್ನು ಬರೆಯದೆ ಬಿಡುವುದೇ ಒಂದು ಲೋಪವೆಂಬುದು ತಿಳಿಯುತ್ತದೆ.

ಎರಡನೆಯ ಅಂಕ ತಿಳಿದರೆ ಮುಂದಿನ ದಾರಿ ತಾನಾಗಿಯೇ ತೆರೆಯುತ್ತದೆ. ಗಮನ ಕುಸಿದ ಮೇಲೆ ವಿಶ್ರಾಂತಿ ಕೊಡುವುದರ ಬದಲು, ಕುಸಿಯುವ ಮೊದಲೇ ಪಾಳಿಯನ್ನು ಬದಲಿಸಬೇಕು. ಲೋಪವು ಮಾಡಿದವನಿಗೆ ಕಾಣದಾದ ಕಾರಣ, ಕಾಣುವ ಮತ್ತೊಬ್ಬನನ್ನು ಜೊತೆಗಿಡಬೇಕು; ಕೇಳಿದ ಸಂದೇಶವನ್ನು ಹೇಳಿದವನಿಗೆ ತಿರುಗಿ ಓದಿ ಒಪ್ಪಿಸಬೇಕು; ಸಂದೇಶಗಳಿಗೆ ಕ್ರಮಸಂಖ್ಯೆ ಕೊಟ್ಟರೆ ನಡುವೆ ಒಂದು ಬಿಟ್ಟುಹೋದುದು ಮುಂದಿನದು ಬಂದೊಡನೆ ತಿಳಿಯುತ್ತದೆ. ಕವಚದ ಅಭ್ಯಾಸವನ್ನು ಧೈರ್ಯದ ಪರೀಕ್ಷೆಯಾಗಿ ಮಾಡದೆ, ಅರ್ಧ ಗಂಟೆ, ಒಂದು ಗಂಟೆ ಎಂದು ಮೆಟ್ಟಿಲುಮೆಟ್ಟಿಲಾಗಿ, ತಾನು ನಿಜವಾಗಿ ಮಾಡಬೇಕಾದ ಕೆಲಸದೊಡನೆಯೇ ಮಾಡಿಸಬೇಕು. ಯೋಧನ ಹೆಸರಿನ ಮುಂದೆ ತಪ್ಪನ್ನು ಬರೆಯುವ ಲೇಖನಿಯು, ಅವನು ಎಷ್ಟು ಗಂಟೆಗಳಿಂದ ಕವಚದೊಳಗಿದ್ದನು, ಒದ್ದೆಬುರುಡೆಯ ಉಷ್ಣಮಾಪಕ ಎಷ್ಟನ್ನು ತೋರಿಸುತ್ತಿತ್ತು ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಬೇಕು.

ಈ ವಿಷಯ ನಮಗೆ ದೂರದ್ದೆಂದು ಯಾರೂ ಭಾವಿಸಬಾರದು. ಪ್ರಯೋಗಶಾಲೆಯಲ್ಲಿ ಸೆಕೆಯೆಂದು ಕರೆದ ಆ 33 ಡಿಗ್ರಿಯು ರಾಯಚೂರು, ಕಲಬುರಗಿಗಳ ಏಪ್ರಿಲ್ ತಿಂಗಳಲ್ಲಿ ತಂಪಾದ ದಿನವೆನಿಸೀತು. 2020ರಲ್ಲಿ ಕೋವಿಡ್ ರೋಗ ಹಬ್ಬಿದಾಗ ಬೆಂಗಳೂರಿನ ಎಷ್ಟೋ ಗಾರ್ಮೆಂಟ್ ಕಾರ್ಖಾನೆಗಳು ಅಂಗಿಗಳನ್ನು ಬಿಟ್ಟು ಪಿ.ಪಿ.ಇ. ಉಡುಪುಗಳನ್ನು ಹೊಲಿದವು. ಅವನ್ನು ತೊಟ್ಟು ದಾದಿಯರೂ ವೈದ್ಯರೂ ಗಂಟೆಗಟ್ಟಲೆ ದುಡಿದರು. ಆ ಉಡುಪುಗಳನ್ನು ದ್ರವ ಒಳಸೋರುವುದೇ ಎಂದು ಪರೀಕ್ಷಿಸಿದೆವು, ಅದು ಸರಿಯಾದುದೇ. ಐದನೆಯ ಗಂಟೆಯಲ್ಲಿ ದಾದಿಗೆ ಔಷಧದ ಪಟ್ಟಿಯ ಎಲ್ಲ ಸಾಲುಗಳೂ ಕಾಣುವುವೇ ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ಕೇಳಬೇಕಾಗಿತ್ತು. ಇಂಥ ಪರೀಕ್ಷೆಗೆ ಬೇಕಾದ ವಿದ್ಯೆ ನಮ್ಮಲ್ಲಿ ಇಲ್ಲದೆಯೂ ಇಲ್ಲ. 1957ರಲ್ಲಿ ಆರಂಭವಾದ ವೈಮಾಂತರಿಕ್ಷ ವೈದ್ಯಸಂಸ್ಥೆಯು ಬೆಂಗಳೂರಿನಲ್ಲಿಯೇ ಇದೆ. ಮನುಷ್ಯನನ್ನು ಸೆಕೆ, ಎತ್ತರ, ವೇಗೋತ್ಕರ್ಷಗಳಿಗೆ ಒಡ್ಡಿ ಅವನ ಮಿತಿಗಳನ್ನು ಅಳೆಯುವುದೇ ಅಂಥ ಸಂಸ್ಥೆಗಳ ವಿದ್ಯೆ.

ಈ ಲೇಖನವನ್ನು ಮುಗಿಸುವ ಮುನ್ನ ನಾವು ನಮ್ಮ ಹಳೆಯ ವಿದ್ಯಾರ್ಥಿಗೆ ಒಂದು ಕಾಗದ ಬರೆದೆವು. ಅವನು ಅಂದು ಹೆದರಿದ್ದನೋ ಇಲ್ಲವೋ ಹೇಳುವುದು ನಮ್ಮಿಂದಾಗದು. ಅದು ಅವನಿಗೇ ತಿಳಿಯಬೇಕು. ಆದರೆ ಸ್ವಲ್ಪವೂ ಹೆದರದಿದ್ದವನೂ ಆ ಗುಡಾರದಲ್ಲಿ, ಆ ಕವಚದಲ್ಲಿ, ಅಷ್ಟು ಗಂಟೆ ಕುಳಿತಿದ್ದರೆ ಮೂರು ಸಂದೇಶಗಳನ್ನು ಕಳೆದುಕೊಳ್ಳಬಹುದಾಗಿತ್ತೆಂಬುದನ್ನು ವಿಜ್ಞಾನದ ಆಧಾರದಿಂದ ತಿಳಿಸಿದೆವು. ನಮ್ಮ ಹಿಂದಿನ ಉತ್ತರಕ್ಕಾಗಿ ಕ್ಷಮೆಯನ್ನೂ ಕೇಳಿದೆವು.

ಈ ಪುಟವನ್ನು ಓದುತ್ತಿರುವ ತರುಣರಲ್ಲಿ ಕೆಲವರು ಮುಂದೆ ಇಂಥ ಕವಚಗಳನ್ನು ತೊಡಬಹುದು. ಕೆಲವರು ಅವನ್ನು ರಚಿಸಬಹುದು. ಕೆಲವರು ತೊಡಿರೆಂದು ಅಪ್ಪಣೆ ಕೊಡುವ ಸ್ಥಾನಕ್ಕೆ ಏರಬಹುದು. ಮೂವರೂ ತಮ್ಮ ಪ್ರಯೋಗಶಾಲೆಯ ಮೂಲೆಯಲ್ಲಿ ತೂಗುತ್ತಿರುವ, ಬುರುಡೆಗೆ ಒದ್ದೆಬಟ್ಟೆ ಸುತ್ತಿದ ಆ ಸಾಧಾರಣ ಉಷ್ಣಮಾಪಕವನ್ನು ಇಂದೇ ಒಮ್ಮೆ ಹೋಗಿ ನೋಡಲಿ. ಒಬ್ಬ ಮನುಷ್ಯನನ್ನು ಅಜಾಗರೂಕನೆಂದು ಕರೆಯುವ ಮೊದಲು ಅದರ ಅಂಕವನ್ನು ಓದಿಕೊಳ್ಳುವ ಅಭ್ಯಾಸ ಅವರಲ್ಲಿ ಬೆಳೆಯಲಿ.